ಎಲ್ಲರೂ ಮಗು ನೋಡುವಾಗ

ಮಗು ಅತ್ತ ಕೂಡಲೇ ಲೇಬರ್ ರೂಮಿನಲ್ಲಿ ಎಲ್ಲರ ಕತ್ತೂ ಆ ಕಡೆ ತಿರುಗುತ್ತದೆ. ನನ್ನದೂ ಅಷ್ಟೇ, ಸುಳ್ಳು ಯಾಕೆ ಹೇಳಲಿ. ಒಂದನೇ ನಿಮಿಷಕ್ಕೆ, ಮತ್ತೆ ಐದನೇ ನಿಮಿಷಕ್ಕೆ ಮಗು ಹೇಗಿದೆ ಅಂತ ತಿಳಿಯಲು ಅಪ್ಗಾರ್ ಅಂಕ ಹಾಕಬೇಕಲ್ವಾ? ಮೈಬಣ್ಣ, ಎದೆಬಡಿತ, ಮುಟ್ಟಿದರೆ ಮುಖ ಕಿವುಚುವುದು, ಕೈಕಾಲಿನ ಬಿಗಿ, ಉಸಿರು. ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. 1952ರಲ್ಲಿ ಇದನ್ನು ಶುರು ಮಾಡಿದ ವರ್ಜೀನಿಯಾ ಅಪ್ಗಾರ್ ಹೆರಿಗೆ ವೈದ್ಯೆಯಲ್ಲ, ಅರಿವಳಿಕೆ ವೈದ್ಯೆ. ಮೊದಮೊದಲು ಅಂಗೈ ಅಂಗಾಲು ನೀಲಿ ಇರುವುದು ಸಾಮಾನ್ಯ. ಅದಕ್ಕೊಂದು ಅಂಕ ಹೋದರೆ ಮಗು ಫೇಲಾದಂತೆ ಮುಖ ಮಾಡುವ ಅಪ್ಪಂದಿರಿದ್ದಾರೆ!

ತಾಯಿಗೆ ಬರೀ ಅಂಕ ಹಾಕಿದರೆ ಸಾಲದು. ಅಲ್ಲಿ ಕೈಯಿಂದಲೇ ನೋಡಬೇಕು.

ಒಂದು ನೈಟ್ ಡ್ಯೂಟಿ ನೆನಪಾಗುತ್ತದೆ. ಎರಡನೇ ಹೆರಿಗೆ, ಸಲೀಸಾಗಿ ಆಗಿತ್ತು. ಮಾಸು ಪೂರ್ತಿ ಬಂದಿತ್ತು. ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಮೂರನೇ ಸಲ ನಾಡಿ 84ರಿಂದ 106ಕ್ಕೆ ಏರಿತ್ತು. ಬಿಪಿ ಮಾತ್ರ ಸರಿಯಾಗಿತ್ತು. ಈ ಬಿಪಿಯನ್ನು ನಂಬಬಾರದು. ಗಟ್ಟಿಮುಟ್ಟಾದ ಹೆಂಗಸರಲ್ಲಿ ರಕ್ತ ಜಾಸ್ತಿ ಹೋದ ಮೇಲೆಯೇ ಅದು ಇಳಿಯುವುದು. "ಏನಿಲ್ಲ ಸಿಸ್ಟರ್, ಸ್ವಲ್ಪ ಚಳಿ" ಅಂದರು ಆ ತಾಯಿ.

ಹೊದಿಕೆ ಸರಿಸಿದೆ. ಆಗತಾನೇ ಬದಲಿಸಿದ ಪ್ಯಾಡ್ ಒದ್ದೆಮುದ್ದೆ. ಹೊಟ್ಟೆ ಮುಟ್ಟಿದೆ. ಗರ್ಭಕೋಶ ಹೊಕ್ಕುಳಿನ ಹತ್ತಿರ, ನಡುವೆ, ಚೆಂಡಿನ ಹಾಗೆ ಗಟ್ಟಿಯಾಗಿ ಸಿಗಬೇಕಿತ್ತು. ಸಿಕ್ಕಿದ್ದು ಹೊಕ್ಕುಳಿನ ಮೇಲೆ, ಬಲಕ್ಕೆ ಸರಿದು, ಮೆತ್ತಗೆ. ಮೂತ್ರಕೋಶ ತುಂಬಿ ಅದನ್ನು ಪಕ್ಕಕ್ಕೆ ತಳ್ಳಿತ್ತು, ಬಿಗಿಯಾಗಲು ಬಿಟ್ಟಿರಲಿಲ್ಲ. ಗರ್ಭಕೋಶ ಬಿಗಿಯಾದರೆ ತಾನೇ ಮಾಸು ಬಿಟ್ಟ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳುವುದು?

ಡಾಕ್ಟರನ್ನು ಕೂಗಿದೆ. ಒಂದು ಕೈ ಕಿಬ್ಬೊಟ್ಟೆಗೆ ಆನಿಸಿ, ಇನ್ನೊಂದರಿಂದ ಗರ್ಭಕೋಶ ತಿಕ್ಕುತ್ತಲೇ ಇದ್ದೆ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಔಷಧಿ ಕೊಟ್ಟರು. ಕ್ಯಾತಿಟರ್ ಹಾಕಿದಾಗ 700 ಮಿಲಿ ಮೂತ್ರ ಬಂತು. ಅಂಗೈಯಡಿ ಗರ್ಭಕೋಶ ಗಟ್ಟಿಯಾಗುವುದು ಗೊತ್ತಾಯಿತು. ಪ್ಯಾಡುಗಳನ್ನು ತೂಗಿ ಲೆಕ್ಕ ಹಾಕಿದೆವು, ಒಂದು ಗ್ರಾಂಗೆ ಸುಮಾರು ಒಂದು ಮಿಲಿ. ರಕ್ತ ಜಾಸ್ತಿ ಹೋದಾಗ ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ತಪ್ಪು ನನ್ನದೂ ಇತ್ತು. "ಮೂತ್ರ ಆಯ್ತಾ?" ಅಂತ ಕೇಳಿದ್ದೆ, ಹೂಂ ಅಂದಿದ್ದರು, ಬರೆದುಬಿಟ್ಟಿದ್ದೆ. ಹೆರಿಗೆಯಾದ ಹೊಸದರಲ್ಲಿ ಮೂತ್ರ ತುಂಬಿದ್ದೇ ಎಷ್ಟೋ ಸಲ ತಿಳಿಯುವುದಿಲ್ಲ. ಸ್ವಲ್ಪ ಹೋಗಿ ಉಳಿದದ್ದು ಒಳಗೇ ನಿಂತಿರುತ್ತದೆ. ಈಗ ಸುಮ್ನೆ ಕೇಳಿ ಬಿಡುವುದಿಲ್ಲ, ಅಳೆಯುತ್ತೇನೆ.

ಅಷ್ಟೆಲ್ಲ ಮುಗಿದು ಮಗುವನ್ನು ಎದೆಗೆ ಹಾಕಿಕೊಂಡ ಮೇಲೆ ಅವರು ಕೇಳಿದರು, "ಸಿಸ್ಟರ್, ಇದು ನನ್ನ ಹಾಗಿದೆಯಾ?" ಅಂಕ ಹಾಕಿದ್ದೆ, ಮುಖ ನೋಡಿರಲಿಲ್ಲ. ಆಗ ಬಗ್ಗಿ ನೋಡಿದೆ.