ಕೇಪಿನದ್ದೇನೂ ತಪ್ಪಿರಲಿಲ್ಲ

ಅಕ್ಟೋಬರ್ ಬಂತೆಂದರೆ ನಮ್ಮ ಕೌಂಟರಿನಲ್ಲಿ ದಿನಾ ಒಂದೇ ಜಗಳ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಯಾವ ತೋಟಾ ಒಳ್ಳೆಯದು? ಇದು ಅಮೆರಿಕದ ಮಾಂಟಾನಾದ ಒಂದು ಕೋವಿ ರಿಪೇರಿ ಅಂಗಡಿ. ಹಿಂದಿನ ಕೋಣೆಯ ಲೇತ್ ಮತ್ತು ಕೇಸುಗಳಿಗೆ (ತೋಟಾದ ಹಿತ್ತಾಳೆ ಕೊಳವೆ) ಮತ್ತೆ ಮದ್ದು ತುಂಬುವ ರೀಲೋಡಿಂಗ್ ಪ್ರೆಸ್ ನನ್ನ ಪಾಲಿಗೆ. 06 ಲೈಸೆನ್ಸ್, ಅಂದರೆ ತೋಟಾ ತಯಾರಿಸುವ ಪರವಾನಗಿ, ಇರುವುದರಿಂದ ಗಿರಾಕಿಗಳಿಗೆ ತೋಟಾ ತುಂಬಿಯೂ ಕೊಡುತ್ತೇವೆ. ಊರಿನ ಗೆಳೆಯರಿಗೆ ಇದು ವಿಚಿತ್ರ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಂದರೆ ಅಜ್ಜಂದಿರ ಕಥೆ ಮಾತ್ರ, ಅಲ್ವಾ.

ಆ ಸಲ ಬಂದವರಿಗೆ ಎಪ್ಪತ್ತು ದಾಟಿತ್ತು. ಅವರ .30-06 ಕೋವಿಯ ನಳಿಕೆ ಸವೆದಿತ್ತು. ಹೊಸದು ಹಾಕುವುದಾದರೆ ಸ್ವಲ್ಪ ದಪ್ಪ ಗುಂಡಿನದ್ದೇ ಇರಲಿ ಎಂದರು. ಮ್ಯಾನೇಜರ್ ತಕ್ಷಣ .338 ವಿಂಚೆಸ್ಟರ್ ಮ್ಯಾಗ್ನಮ್ ಎಂದ. ಒಳ್ಳೆಯ ತೋಟಾನೇ, ದೂರದ ಈಡಿಗೆ ಅದನ್ನು ಮೀರಿಸುವುದು ಕಷ್ಟ. ಆದರೆ ಅದಕ್ಕೆ ಬೋಲ್ಟಿನ (ತೋಟಾವನ್ನು ಹಿಂದಿನಿಂದ ಮುಚ್ಚುವ ಅಗುಳಿ) ಮುಖ ದೊಡ್ಡದು ಮಾಡಬೇಕು, ಮ್ಯಾಗಜೀನ್ ತಿದ್ದಬೇಕು, ಮೇಲೆ ಹೆಗಲಿಗೆ ಒದೆತ. ನಾನು .35 ವೀಲೆನ್ ಎಂದೆ. 1922ರಿಂದ ಇರುವ ತೋಟಾ. .30-06ರ ಕೇಸನ್ನೇ ಕತ್ತು ಹಿಗ್ಗಿಸಿ .358 ಇಂಚಿನ ಗುಂಡು ಕೂರಿಸುವುದು. ಬೋಲ್ಟ್ ಅದೇ, ಮ್ಯಾಗಜೀನ್ ಅದೇ, ನಳಿಕೆ ಬದಲಿಸಿದರೆ ಮುಗಿಯಿತು. ಮರಗಳ ನಡುವೆ 250 ಗಜದೊಳಗೆ ಹೊಡೆಯುವವರಿಗೆ 250 ಗ್ರೇನ್ ತೂಕದ ಗುಂಡು ಧಾರಾಳ ಸಾಕು. ಈ ಸಲಹೆಗೆ ನಾನು ಇವತ್ತಿಗೂ ಬದ್ಧ.

ನಳಿಕೆ ಕೂರಿಸಿದೆ. ಚೇಂಬರ್ (ತೋಟಾ ಕೂರುವ ಗೂಡು) ಸ್ವಲ್ಪ ಉದ್ದದ ಕಡೆಗೇ ಇತ್ತು, ಆದರೆ ಮಿತಿ ಮೀರಿದೆಯೇ ಎಂದು ನೋಡುವ ನೋ-ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಲಿಲ್ಲ. ಪಾಸ್. ಅವರದ್ದೇ ಹಳೆಯ .30-06 ಕೇಸುಗಳ ಕತ್ತು ಹಿಗ್ಗಿಸಿ, ಡೈ (ಕೇಸನ್ನು ಅಳತೆಗೆ ಒತ್ತುವ ಅಚ್ಚು) ಜೊತೆ ಬಂದ ಚೀಟಿಯಲ್ಲಿ ಬರೆದಂತೆಯೇ ಸೈಜ್ ಮಾಡಿದೆ. ಕೇಸು ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸು, ಮೇಲೆ ಕಾಲು ಸುತ್ತು ಬಿಗಿ ಮಾಡು. ಮದ್ದನ್ನು ಒಂದೊಂದು ಕೇಸಿಗೂ ತೂಗಿ ಹಾಕಿದೆ. ಒಟ್ಟು ಉದ್ದ ಅಳೆದೆ. ಕತ್ತಿನ ಕೆಳಗಿನ ಇಳಿಜಾರು, ಅಂದರೆ ಶೋಲ್ಡರ್, ಎಲ್ಲಿದೆ ಎಂದು ಮಾತ್ರ ಅಳೆಯಲಿಲ್ಲ.

ಸೀಸನ್ ಶುರುವಾಗಲು ಮೂರು ದಿನ ಇರುವಾಗ ರೇಂಜಿಗೆ ಹೋದೆವು. ಮೊದಲ ಈಡು ಚೆನ್ನಾಗಿಯೇ ಹೋಯಿತು. ಎರಡನೆಯದು ಬರೀ ಕ್ಲಿಕ್.

ಇಂಥ ಹೊತ್ತಲ್ಲಿ ಬೋಲ್ಟ್ ಮುಟ್ಟುವ ಹಾಗಿಲ್ಲ. ಮದ್ದಿಗೆ ಕಿಡಿ ಕೊಡುವ ಕೇಪು ಒಳಗೇ ನಿಧಾನ ಉರಿಯುತ್ತಿದ್ದರೆ ಯಾವ ಗಳಿಗೆಯಲ್ಲಾದರೂ ಹಾರಬಹುದು. ನಳಿಕೆ ಗುರಿಯ ದಿಕ್ಕಿಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಬೇಕು. ಅವರು ಕೆನ್ನೆಯನ್ನು ಕೋವಿಯಿಂದ ಸರಿಸಿ ಸುಮ್ನೆ ಕೂತರು. ನಾನು ಗಡಿಯಾರ ನೋಡುತ್ತಾ ನಿಂತೆ. ಪಕ್ಕದ ಬೆಂಚಿನವನು ಪೆಟ್ಟಿಗೆ ಎತ್ತಿಕೊಂಡು ಸ್ವಲ್ಪ ಆಚೆ ಹೋದ. ಬೋಲ್ಟ್ ತೆಗೆದರೆ ಕೇಪಿನ ಮೇಲೆ ಉಗುರಲ್ಲಿ ಒತ್ತಿದಷ್ಟು ಗುಳಿ. ಮೂರನೆಯದು ಹಾರಿತು. ನಾಲ್ಕನೆಯದು ಮತ್ತೆ ಕ್ಲಿಕ್, ಮತ್ತೆ ಕಾಯುವುದು.

"ಈ ಕೇಪುಗಳೇ ಸರಿ ಇಲ್ಲ," ಎಂದೆ. 2020ರ ನಂತರ ಕೇಪಿಗೆ ಬಂದ ಬರಗಾಲದಲ್ಲಿ ಸಿಕ್ಕಿದ ಲಾಟು ಅದು. ಅಲ್ಲಿಂದಲೇ ಮೊಬೈಲಿನಲ್ಲಿ ಮ್ಯಾನೇಜರಿಗೆ ಒಂದು ಖಾರದ ಮೇಲ್ ಕಳಿಸಿಬಿಟ್ಟೆ.

ಆ ಹಿರಿಯರು ವಾದ ಮಾಡಲಿಲ್ಲ. "ಸೈಜ್ ಮಾಡಿದ ಖಾಲಿ ಕೇಸ್ ಇದೆಯಾ? ಅಂಟಿಸುವ ಟೇಪ್?" ಎಂದು ಕೇಳಿದರು. ಕೇಸಿನ ತಳಕ್ಕೆ ಒಂದು ಪದರ ಟೇಪ್ ಹಚ್ಚಿ ಬೋಲ್ಟ್ ಮುಚ್ಚಿದರು. ಸಲೀಸಾಗಿ ಮುಚ್ಚಿತು. ಎರಡು ಪದರ. ಮೂರು. ಐದಕ್ಕೂ ಮುಚ್ಚಿತು! ಒಂದು ಪದರ ಹೆಚ್ಚುಕಡಿಮೆ 2 ತೌ (ತೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಅಂದರೆ 10 ತೌ ಜಾಗದಲ್ಲಿ ಕೇಸು ಅಲ್ಲಾಡುತ್ತಿದೆ. ಪಿನ್ ಹೊಡೆದಾಗ ತೋಟಾ ಮುಂದಕ್ಕೆ ಜಾರುತ್ತದೆ, ಪೆಟ್ಟು ಅರ್ಧ ಪೋಲು. ವೀಲೆನ್‌ನ ಶೋಲ್ಡರ್ .30-06ರ ಅರ್ಧದಷ್ಟು, ಸುತ್ತಲೂ ಬರೀ 0.026 ಇಂಚು. ಆ ಕಾಲು ಸುತ್ತಿನಲ್ಲಿ ನಾನೇ ಅದನ್ನು ಹಿಂದಕ್ಕೆ ತಳ್ಳಿದ್ದೆ. ಹಾರಿದ ಕೇಸುಗಳ ತಳದ ಹತ್ತಿರ ಹೊಳೆಯುವ ಉಂಗುರ ಆಗಲೇ ಮೂಡಿತ್ತು. ಅದೇ ಕೇಸನ್ನು ಇನ್ನೊಂದೆರಡು ಸಲ ತುಂಬಿದ್ದರೆ ಅಲ್ಲೇ ಎರಡು ತುಂಡು. ಬಿಸಿ ಗ್ಯಾಸ್ ಬರುವುದು ಮುಖದ ಕಡೆಗೆ. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ರಾತ್ರಿ ಕೂತು ಹೊಸ .30-06 ಕೇಸುಗಳ ಕತ್ತನ್ನು ಮೊದಲು ಬೇಕಾದ್ದಕ್ಕಿಂತ ಅಗಲವಾಗಿ, .375 ಇಂಚಿಗೆ ಹಿಗ್ಗಿಸಿದೆ. ಆಮೇಲೆ ಡೈ ಅನ್ನು ಕೂದಲೆಳೆಯಷ್ಟೇ ಇಳಿಸುತ್ತಾ, ಪ್ರತಿಸಲ ಅವರ ಕೋವಿಯಲ್ಲೇ ಹಾಕಿ ನೋಡುತ್ತಾ, ಬೋಲ್ಟ್ ಹಿಡಿ ತುಸು ಬಿಗಿಯಾಗಿ ಮುಚ್ಚುವಲ್ಲಿಗೆ ನಿಲ್ಲಿಸಿದೆ. ಮರುದಿನ ಪೆಟ್ಟಿಗೆಯಲ್ಲಿದ್ದಷ್ಟೂ ಹಾರಿದವು. ಅದೇ ಲಾಟಿನ ಕೇಪು. ಈಗ ಯಾರ ಕೋವಿಗೆ ತುಂಬುವುದಾದರೂ ಅದರಲ್ಲೇ ಹೊಡೆದ ಮೂರು ಕೇಸು ಮೊದಲು ಕೇಳುತ್ತೇನೆ. ಅಳೆದು, ಶೋಲ್ಡರನ್ನು 2 ತೌಗಿಂತ ಜಾಸ್ತಿ ಹಿಂದಕ್ಕೆ ತಳ್ಳುವುದಿಲ್ಲ.

ಶೋಲ್ಡರ್ ಅಳೆಯುವ ಕಂಪಾರೇಟರ್ ಬೇಕು ಎಂದರೆ ಮ್ಯಾನೇಜರ್ "ಮುಂದಿನ ಕ್ವಾರ್ಟರ್ ನೋಡೋಣ" ಎಂದ. ನನ್ನ ದುಡ್ಡಲ್ಲೇ ತಂದೆ. ಆ ಖಾರದ ಮೇಲ್‌ಗೆ ಮಾತ್ರ ಎಂದೂ ಇಲ್ಲದ ವೇಗದಲ್ಲಿ ಕೆಲಸವಾಗಿತ್ತು. ಬೇರೆ ಕಂಪನಿಯ ಕೇಪು, ಡಬಲ್ ರೇಟಿಗೆ, ಕಪಾಟು ತುಂಬ.