ಮಚ್ಚಿಗೆ ಹದ ಹಾಕುವಾಗ ಉಕ್ಕಿನೊಳಗೆ ಏನಾಗುತ್ತದೆ?

ಮೂಡಿಗೆರೆ ಹತ್ತಿರದ ಕುಲುಮೆಯೊಂದರಲ್ಲಿ ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ತೋಟಕ್ಕೊಂದು ಮಚ್ಚು ಮಾಡಿಸಿದೆವು. ಬೆಂಕಿಗಿಂತ ಮುಖ್ಯ ಕಾದ ಉಕ್ಕು ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನೋದು. ಸುಮಾರು 727 ಡಿಗ್ರಿ ದಾಟಿದರೆ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ ಆಸ್ಟೆನೈಟ್ ಅನ್ನೋ ರೂಪ ಆಗತೊಡಗುತ್ತದೆ, ಉಕ್ಕಿನಲ್ಲಿರುವ ಇಂಗಾಲ ಅದರೊಳಗೆ ಕರಗುತ್ತದೆ. ನಿಧಾನ ಆರಿದರೆ ಪದರ ಪದರವಾದ ಪರ್ಲೈಟ್ ಅನ್ನೋ ರೂಪ. ಸ್ವಲ್ಪ ಮೆತ್ತಗೆ. ಎಣ್ಣೆಯಲ್ಲಿ ಥಟ್ಟನೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಪುರುಸೊತ್ತೇ ಇಲ್ಲ, ಅದು ಒಳಗೇ ಸಿಕ್ಕಿಕೊಂಡು ಉಕ್ಕು ಮಾರ್ಟೆನ್ಸೈಟ್ ಅನ್ನೋ ರೂಪಕ್ಕೆ ತಿರುಗುತ್ತದೆ. ಗಟ್ಟಿ ಹೌದು, ಆದರೆ ಸಿಲ್ವರ್ ಓಕ್ ಕೊಂಬೆಗೆ ಹೊಡೆದರೆ ಅಂಚು ಚಕ್ಕೆ ಏಳಬಹುದು, ಅಲ್ವಾ? ಅದಕ್ಕೇ ಮತ್ತೆ ಸಣ್ಣ ಕಾವು. ನನಗೆ ಇಷ್ಟವಾದದ್ದು ಇದೇ: ಉಜ್ಜಿ ಹೊಳಪು ಮಾಡಿದ ಅಂಚು ಕಾಯುತ್ತಾ ಹೋದಂತೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300 ಡಿಗ್ರಿ ಹತ್ತಿರ ನೀಲಿ. ಮಚ್ಚಿಗಾದರೆ ನೇರಳೆ ಮೂಡುವಾಗ ತೆಗೆದರೆ ಸಾಕು.