ಹಳೆಯ ಮೋಟರ್‌ಹೋಮ್‌ನಲ್ಲಿ ಸೋರಿಹೋಗುತ್ತಿದ್ದ ವೋಲ್ಟ್‌ಗಳು

ಹಳೆಯ ಮೋಟರ್‌ಹೋಮ್‌ನ, ಅಂದರೆ ಒಳಗೆ ವಾಸದ ಸೌಕರ್ಯವಿರುವ ವಾಹನದ, ವಿದ್ಯುತ್ ದೋಷವನ್ನು ಹುಡುಕಲು ಕುಳಿತವರಿಗೆ ಮೊದಲು ಎದುರಾಗುವ ತೊಡಕೆಂದರೆ, ಅದರೊಳಗೆ ಮೂರು ವ್ಯವಸ್ಥೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದು. ಎಂಜಿನ್, ಸ್ಟಾರ್ಟರ್, ಹೆಡ್‌ಲೈಟ್‌ಗಳಿಗೆ 12 ವೋಲ್ಟಿನ ಒಂದು ಬ್ಯಾಟರಿ. ವಾಸದ ಭಾಗದ ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಫ್ರಿಜ್‌ನ ನಿಯಂತ್ರಣ ಫಲಕಗಳಿಗೆ 12 ವೋಲ್ಟಿನ ಮತ್ತೊಂದು. ಇವುಗಳ ಜೊತೆಗೆ, ನಿಂತ ಜಾಗದಲ್ಲಿ ಹೊರಗಿನ ಪ್ಲಗ್ಗಿನಿಂದ ಎಳೆದುಕೊಳ್ಳುವ, ಮನೆಗಳಿಗೆ ಬರುವಂಥ ಎಸಿ ಕರೆಂಟು. ಎಂಜಿನ್ ಓಡುವಾಗ ಎರಡು ಬ್ಯಾಟರಿಗಳನ್ನು ಜೋಡಿಸಲು ಒಂದು ರಿಲೇ, ಎಸಿಯನ್ನು 12 ವೋಲ್ಟಿಗೆ ಇಳಿಸಿ ವಾಸದ ಬ್ಯಾಟರಿಯನ್ನು ಚಾರ್ಜ್ ಮಾಡಲು ಒಂದು ಕನ್ವರ್ಟರ್ ನಡುವೆ ಕುಳಿತಿರುತ್ತವೆ. ಮೂವತ್ತು ವರ್ಷ ದಾಟಿದ ನಮ್ಮ ವಾಹನದಲ್ಲಿ ಚಾಸಿಸ್ (ವಾಹನದ ಅಡಿಯ ಕಬ್ಬಿಣದ ಚೌಕಟ್ಟು) ಕಟ್ಟಿದವರು ಒಬ್ಬರು, ಅದರ ಮೇಲೆ ಮನೆ ಕಟ್ಟಿದವರು ಇನ್ನೊಬ್ಬರು. ಚಾಸಿಸ್ ಕಡೆಯ ಕಪ್ಪು ತಂತಿ ನೆಗೆಟಿವ್. ಅದೇ ವಾಹನದ ವಾಸದ ಕಡೆಯಲ್ಲಿ ಕಪ್ಪು ತಂತಿ ಪಾಸಿಟಿವ್. ಬಣ್ಣವನ್ನು ನಂಬಿ ತಂತಿಯನ್ನು ಮುಟ್ಟುವಂತಿಲ್ಲ. ಮೇಲಾಗಿ, ಹಿಂದಿನ ಮಾಲೀಕರು ತಮಗೆ ಬೇಕಾದಾಗ ಬೇಕಾದ ಕಡೆ ಎಳೆದ ತಂತಿಗಳ ಲೆಕ್ಕ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ನಮ್ಮ ತೊಂದರೆ ನೋಡಲು ಸರಳವಾಗಿತ್ತು. ಅಡುಗೆಕಟ್ಟೆಯ ನಲ್ಲಿ ತಿರುಗಿಸಿದರೆ ದೀಪಗಳು ಮಂಕಾಗುತ್ತಿದ್ದವು, ಪಂಪು ಏದುಸಿರು ಬಿಡುತ್ತಾ ತಿರುಗುತ್ತಿತ್ತು, ಕೆಲವೊಮ್ಮೆ ಫ್ರಿಜ್ ತಾನಾಗಿ ಆರಿಹೋಗುತ್ತಿತ್ತು. ಹೊರಗಿನ ಪ್ಲಗ್ಗಿಗೆ ಸಿಕ್ಕಿಸಿದಾಗ ಮಾತ್ರ ಎಲ್ಲವೂ ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತು. ವಿಷಯ ಕೇಳಿದವರೆಲ್ಲರೂ ಬ್ಯಾಟರಿ ಹೋಗಿದೆ, ಬದಲಾಯಿಸಿ ಎಂದರು. ಅಳೆಯದೆ ಬಿಡಿಭಾಗ ಬದಲಾಯಿಸುವುದು ನನ್ನ ಸ್ವಭಾವಕ್ಕೆ ಒಗ್ಗದ ಕಾರಣ, ಒಂದು ಬಿಡುವಿನ ದಿನ ಬೆಳಗ್ಗೆಯೇ ಮಲ್ಟಿಮೀಟರ್ ಹಿಡಿದು ಕುಳಿತೆ.

ಹೊರಗಿನ ಪ್ಲಗ್ ಕಿತ್ತು, ಬೆರಳಿನ ಉಂಗುರ ತೆಗೆದಿಟ್ಟೆ. 12 ವೋಲ್ಟು ಮೈಗೆ ಶಾಕ್ ಕೊಡುವಷ್ಟು ದೊಡ್ಡದಲ್ಲವಾದರೂ, ಬ್ಯಾಟರಿಯ ಪಾಸಿಟಿವ್‌ಗೂ ವಾಹನದ ಬಾಡಿಗೂ ನಡುವೆ ಉಂಗುರವೋ ಸ್ಪ್ಯಾನರೋ ಸಿಕ್ಕಿಕೊಂಡರೆ ನೂರಾರು ಆಂಪಿಯರ್ ಹರಿದು ಕ್ಷಣಮಾತ್ರದಲ್ಲಿ ಅದು ಕೆಂಪಗೆ ಕಾಯುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ವಾಸದ ಬ್ಯಾಟರಿ 12.7 ವೋಲ್ಟ್ ತೋರಿಸಿತು. ಸೀಸ ಮತ್ತು ಆಮ್ಲದ ಬ್ಯಾಟರಿ ಪೂರ್ತಿ ತುಂಬಿದ್ದರೆ ಇರಬೇಕಾದದ್ದು ಅಷ್ಟೇ. ದೀಪ, ಫ್ಯಾನು, ಪಂಪು ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಟರ್ಮಿನಲ್‌ಗಳ ನಡುವೆ 12.4ಕ್ಕೆ ಇಳಿದು ಅಲ್ಲಿಯೇ ನಿಂತಿತು. ದೀಪಗಳು ಕಣ್ಣೆದುರೇ ಮಂಕಾಗಿರುವಾಗಲೂ ಬ್ಯಾಟರಿ ಗಟ್ಟಿಯಾಗಿತ್ತೆಂದ ಮೇಲೆ, ದೋಷ ಬ್ಯಾಟರಿಯಿಂದ ಆಚೆಗಿದೆ ಎಂಬುದು ಖಚಿತವಾಯಿತು.

ಪಂಪಿನ ಕನೆಕ್ಟರ್ ಬಿಚ್ಚಿ ತಂತಿಯ ತುದಿಯಲ್ಲಿ ಅಳೆದರೆ 12.6 ವೋಲ್ಟ್. ಬಹಳ ಮಂದಿ ಇಲ್ಲಿಗೆ ತೃಪ್ತರಾಗಿ, ಕರೆಂಟು ಸರಿಯಾಗಿ ಬರುತ್ತಿದೆ, ಪಂಪೇ ಹಾಳಾಗಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ಲೋಡ್, ಅಂದರೆ ಕರೆಂಟು ಎಳೆಯುವ ಉಪಕರಣ, ಇಲ್ಲದಾಗ ಮೀಟರ್ ತೋರಿಸುವ ಅಂಕಿ ಹೆಚ್ಚೇನನ್ನೂ ಹೇಳುವುದಿಲ್ಲ. ಹಗ್ಗದ ಎಳೆಗಳೆಲ್ಲ ಹರಿದು ಒಂದೇ ಎಳೆ ಉಳಿದಿದ್ದರೂ, ಭಾರ ಕಟ್ಟುವ ತನಕ ಹಗ್ಗ ಗಟ್ಟಿಯಾಗಿಯೇ ಕಾಣುತ್ತದೆ. ಮೀಟರ್ ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹಾಗಾಗಿ ತುಕ್ಕು ಹಿಡಿದ ಜೋಡಣೆಯ ಆಚೆಯೂ ಅದು ಪೂರ್ತಿ ವೋಲ್ಟೇಜನ್ನೇ ಓದುತ್ತದೆ.

ಕನೆಕ್ಟರನ್ನು ಮತ್ತೆ ಸೇರಿಸಿ, ಪಂಪು ಓಡುತ್ತಿರುವಾಗಲೇ ಅಳೆಯಬೇಕಿತ್ತು. ಮಗಳನ್ನು ನಲ್ಲಿಯ ಬಳಿ ನಿಲ್ಲಿಸಿ, ನಾನು ಸೋಫಾದ ಕೆಳಗೆ ತಲೆ ತೂರಿಸಿದೆ. "ಅಪ್ಪಾ, ಬಿಡ್ಲಾ?" ಎಂದು ಕೇಳಿ ಅವಳು ನಲ್ಲಿ ತಿರುಗಿಸಿದ ಕೂಡಲೇ ಮೀಟರಿನ ಅಂಕಿ 12.6ರಿಂದ 9.6ಕ್ಕೆ ಬಿದ್ದಿತು. ಬ್ಯಾಟರಿಯಲ್ಲಿ 12.4, ಪಂಪಿನಲ್ಲಿ 9.6, ದಾರಿಯಲ್ಲಿ 2.8 ವೋಲ್ಟ್ ಎಲ್ಲಿಯೋ ಸೋರಿಹೋಗುತ್ತಿತ್ತು. ಅದನ್ನು ಹಿಡಿಯಲು ಉದ್ದನೆಯ ಒಂದು ತಂತಿ ಸಾಕು. ಅದರ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ ಕಚ್ಚಿಸಿ, ಇನ್ನೊಂದು ತುದಿಗೂ ಪಂಪಿನ ಪಾಸಿಟಿವ್‌ಗೂ ನಡುವೆ ಮೀಟರ್ ಇಟ್ಟರೆ ಆ ದಾರಿಯಲ್ಲಿನ ನಷ್ಟ ನೇರವಾಗಿ ಓದಲು ಸಿಗುತ್ತದೆ. ಪಾಸಿಟಿವ್ ಕಡೆ 0.4 ವೋಲ್ಟ್, ನೆಗೆಟಿವ್ ಕಡೆ ಅದೇ ರೀತಿ ಅಳೆದರೆ 2.4 ವೋಲ್ಟ್. ಹೋಗುವ ದಾರಿ ಪರವಾಗಿಲ್ಲ ಎನ್ನುವಂತಿತ್ತು, ಮರಳಿ ಬರುವ ದಾರಿ ಕೆಟ್ಟಿತ್ತು.

ಇಂಥ ಹಲವು ವಾಹನಗಳಲ್ಲಿ ನೆಗೆಟಿವ್ ತಂತಿ ಬ್ಯಾಟರಿಯ ತನಕ ಬರುವುದಿಲ್ಲ. ಹಲವು ತಂತಿಗಳನ್ನು ಒಂದೆಡೆ ಸೇರಿಸಿ ಚಾಸಿಸ್‌ನ ಕಬ್ಬಿಣಕ್ಕೆ ಬೋಲ್ಟ್ ಮಾಡಿರುತ್ತಾರೆ. ಮುಂದಿನ ದಾರಿಯೆಲ್ಲ ಚಾಸಿಸ್ಸೇ. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಸ್‌ಗೆ ಅಳೆದರೆ ನಷ್ಟ ಅತ್ಯಲ್ಪವಿತ್ತು. ಚಾಸಿಸ್‌ನಿಂದ ಪಂಪಿನ ಕಡೆಗೆ ಅಳೆದಾಗ ಹೆಚ್ಚುಕಡಿಮೆ ಪೂರ್ತಿ 2.4 ವೋಲ್ಟ್ ಅಲ್ಲಿಯೇ ಇತ್ತು. ಬಾಗಿಲ ಮೆಟ್ಟಿಲಿನ ಹಿಂದೆ, ರಸ್ತೆಯ ನೀರು ಸಿಡಿಯುವ ಜಾಗದಲ್ಲಿಯೇ ಆ ಬೋಲ್ಟ್ ಸಿಕ್ಕಿತು. ಲಗ್ಗಿನ (ತಂತಿಯ ತುದಿಗೆ ಕೂರಿಸುವ ಲೋಹದ ಉಂಗುರ) ಸುತ್ತ ಹಸಿರು ಕಿಲುಬು, ಅದರಡಿ ಪದರ ಪದರವಾಗಿ ಎದ್ದ ತುಕ್ಕು. ಸ್ಪ್ಯಾನರ್ ಇಡುವ ಮುನ್ನ ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಐದು ಆಂಪಿಯರ್ ಎಳೆಯುವ ಪಂಪಿನ ದಾರಿಯಲ್ಲಿ 2.4 ವೋಲ್ಟ್ ನಷ್ಟವೆಂದರೆ ಹನ್ನೆರಡು ವಾಟ್ ಶಾಖ ಆ ಒಂದು ಬೋಲ್ಟಿನಲ್ಲಿಯೇ ಹುಟ್ಟುತ್ತಿತ್ತು. ದೀಪಗಳು ಮತ್ತು ಫ್ರಿಜ್‌ನ ಫಲಕ ಕೂಡ ಅದೇ ಬೋಲ್ಟಿಗೆ ಮರಳುತ್ತಿದ್ದವು. ಆದ್ದರಿಂದಲೇ ಪಂಪು ಓಡಿದರೆ ಅವುಗಳಿಗೆ ಸಿಗುವ ವೋಲ್ಟೇಜೂ ಕುಸಿಯುತ್ತಿತ್ತು. ಹೊರಗಿನ ಪ್ಲಗ್ಗಿಗೆ ಸಿಕ್ಕಿಸಿದಾಗ ಕನ್ವರ್ಟರ್ ವೋಲ್ಟೇಜನ್ನು 13.6ರ ಸುಮಾರಿಗೆ ಏರಿಸುತ್ತಿದ್ದುದರಿಂದ ನಷ್ಟ ಹಾಗೆಯೇ ಇದ್ದರೂ ಉಳಿದದ್ದು ದೀಪಕ್ಕೂ ಫ್ರಿಜ್‌ಗೂ ಸಾಕಾಗುತ್ತಿತ್ತು. ಬ್ಯಾಟರಿಯ ಮೇಲೆ ಎಲ್ಲರಿಗೂ ಅನುಮಾನ ಬಂದದ್ದು ಇದರಿಂದಲೇ ಇರಬೇಕು.

ಬೋಲ್ಟ್ ಸುಲಭವಾಗಿ ಬಿಚ್ಚಲಿಲ್ಲ; ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಕೊನೆಗೆ ಅದರ ತಲೆಯನ್ನೇ ಕತ್ತರಿಸಬೇಕಾಯಿತು. ತಂತಿಯ ಹೊದಿಕೆ ಸುಲಿದಾಗ ಒಳಗಿನ ತಾಮ್ರ ಕಪ್ಪಾಗಿತ್ತು. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಲಗ್ಗನ್ನು ಕ್ರಿಂಪ್ ಮಾಡಿ, ಅಂದರೆ ತಂತಿಯ ಮೇಲೆ ಒತ್ತಿ ಬಿಗಿದು, ಚಾಸಿಸ್‌ನ ಪೇಂಟನ್ನು ಉಜ್ಜುಕಾಗದದಿಂದ ಬರಿಯ ಲೋಹ ಬರುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಗ್ರೀಸ್ ಸವರುವುದು ಬಿಗಿದ ಮೇಲೆ. ಚಾಸಿಸ್ ಮೇಲಿನ ಭರವಸೆ ಆ ಹೊತ್ತಿಗೆ ಕಡಿಮೆಯಾಗಿದ್ದರಿಂದ, ಅಲ್ಲಿಂದ ಬ್ಯಾಟರಿಯ ನೆಗೆಟಿವ್‌ಗೆ ದಪ್ಪನೆಯ ಒಂದು ತಂತಿಯನ್ನೂ ಎಳೆದೆ. ಫ್ಯೂಸಿನ ಸಡಿಲವಾದ ಕ್ಲಿಪ್ಪನ್ನು ಶುಚಿಮಾಡಿ ಬಿಗಿಗೊಳಿಸಿದ ಮೇಲೆ ಪಾಸಿಟಿವ್ ಕಡೆಯ ನಷ್ಟವೂ ಇಳಿಯಿತು. ಮಗಳು ಮತ್ತೆ ನಲ್ಲಿ ತಿರುಗಿಸಿದಾಗ ಪಂಪಿನಲ್ಲಿ 12.1 ವೋಲ್ಟ್, ದೀಪ ಕದಲಲಿಲ್ಲ.

ಇನ್ನೊಂದು ದೂರು ಉಳಿದಿತ್ತು: ವಾಹನವನ್ನು ಸುಮ್ಮನೆ ನಿಲ್ಲಿಸಿದರೂ ಕೆಲವೇ ದಿನಗಳಲ್ಲಿ ವಾಸದ ಬ್ಯಾಟರಿ ಬರಿದಾಗುತ್ತಿತ್ತು. ಎಲ್ಲವನ್ನೂ ಆರಿಸಿ, ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರನ್ನು 10 ಆಂಪಿಯರಿನ ಕಿಂಡಿಗೆ ಹಾಕಿ ಜೋಡಿಸಿದೆ. ಹೀಗೆ ಜೋಡಿಸಿರುವಾಗ ದೊಡ್ಡ ಲೋಡ್ ಯಾವುದನ್ನೂ ಹಾಕಕೂಡದು, ಹಾಕಿದರೆ ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ. ಅಂಕಿ 0.9 ಆಂಪಿಯರ್. ದಿನಕ್ಕೆ ಸುಮಾರು ಇಪ್ಪತ್ತೊಂದೂವರೆ ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕೆಂದರೆ ಮೂರನೆಯ ದಿನಕ್ಕೇ ಮುಗಿಯಿತು. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋದೆ. ಅಡುಗೆ ಅನಿಲ ಸೋರಿಕೆಯ ಅಲಾರಾಂ ಸ್ವಲ್ಪ, ರೇಡಿಯೋದ ನೆನಪಿಗೆ ತುಸು. ಎಲ್ಲ ಫ್ಯೂಸ್‌ಗಳೂ ಹೊರಗೆ ಬಂದ ಮೇಲೂ 0.7 ಉಳಿದಿತ್ತು. ಅಂದರೆ ಫ್ಯೂಸ್ ಪೆಟ್ಟಿಗೆಯನ್ನು ಬಳಸದೆ ಯಾವುದೋ ತಂತಿ ಬ್ಯಾಟರಿಯಿಂದ ನೇರವಾಗಿ ಹೋಗಿರಬೇಕು. ಪಾಸಿಟಿವ್ ಟರ್ಮಿನಲ್‌ನಲ್ಲಿ, ದಪ್ಪ ಕೇಬಲ್ಲಿನ ಅಡಿಯಲ್ಲಿ ಸಿಕ್ಕಿಸಿದ್ದ ಸಣ್ಣ ಕೆಂಪು ತಂತಿಯನ್ನು ಹಿಡಿದು ಹೊರಟರೆ, ಅದು ಹಿಂಬದಿಯ ಸಾಮಾನಿನ ಪೆಟ್ಟಿಗೆಯ ದೀಪಕ್ಕೆ ತಲುಪಿತು. ಬಾಗಿಲು ಮುಚ್ಚಿದಾಗ ಒತ್ತಿಕೊಂಡು ದೀಪ ಆರಿಸಬೇಕಾದ ಸ್ವಿಚ್ಚಿನ ಗುಂಡಿ ಕೆಲಸ ಮಾಡದೆ ಸಿಕ್ಕಿಕೊಂಡಿತ್ತು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದು ಬಲ್ಬನ್ನು ಮುಟ್ಟಿದರೆ ಕೈ ಚುರ್ ಎಂದಿತು.

ಕರೆಂಟು ಪೋಲಾಗುವುದಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಆ ತಂತಿಗೆ ಎಲ್ಲಿಯೂ ಫ್ಯೂಸ್ ಇಲ್ಲದಿದ್ದುದು. ಹೊದಿಕೆ ಸವೆದು ಅದು ಬಾಡಿಗೆ ತಾಗಿದ್ದರೆ ತಂತಿಯೇ ಫ್ಯೂಸಿನಂತೆ ಉರಿಯುತ್ತಿತ್ತು, ಅದೂ ಪ್ಲೈವುಡ್ ಗೋಡೆಯ ಒಳಗೆ. ಅದನ್ನು ಕಿತ್ತು, ಹೊಸ ತಂತಿ ಎಳೆದು, ಬ್ಯಾಟರಿಯ ಬುಡದಲ್ಲಿಯೇ ಫ್ಯೂಸ್ ಹೋಲ್ಡರ್ ಕೂರಿಸಿ, ಸ್ವಿಚ್ ಬದಲಾಯಿಸಿದೆ. ಪ್ರತಿ ತಂತಿಯ ತುದಿಗೂ ಚೀಟಿ ಕಟ್ಟಿ, ಅಳೆದ ಅಂಕಿಗಳನ್ನು ನಕ್ಷೆಯೊಂದರಲ್ಲಿ ಬರೆದಿಟ್ಟಿದ್ದೇನೆ. ಕನ್ವರ್ಟರ್ ಮಾತ್ರ ಲೋಡ್ ಹೆಚ್ಚಾದಾಗ ಗುಂಯ್‌ಗುಡುತ್ತದೆ. ಅದರೊಳಗೆ ಎಸಿ ಇರುವುದರಿಂದ ಅದನ್ನು ತೆರೆಯುವ ಕೆಲಸವನ್ನು ಎಲೆಕ್ಟ್ರಿಷಿಯನ್ ಒಬ್ಬರಿಗೆ ಒಪ್ಪಿಸಿದ್ದೇನೆ.